ಖಜಾಂಚಿ

ಸ್ತ್ರೀ ಸಂಘದ ಲೆಕ್ಕ ನನ್ನ ಪಾಲಿಗೆ ಬಂದಾಗ
ಜೊತೆಗೆ ಬಂದದ್ದು ಒಂದು ತಗಡಿನ ಪೆಟ್ಟಿಗೆ,
ಆರು ರಸೀದಿ ಪುಸ್ತಕ, ಸತ್ತ ಜಿರಳೆ ಒಂದು,
ತಳದಲ್ಲಿ ಹೊಲಿಗೆ ಬಿಚ್ಚಿದ ಇಂಗ್ಲಿಷ್ ವರದಿ.
ಓಹಾಯೋ ಸೀಮೆಯ ಯಾವುದೋ ಊರಿನ ಹೆಂಗಸರು
ಕಟ್ಟಿದ ಮಿಷನ್ ಸಭೆ, ಹದಿನೈದನೇ ವರ್ಷ,
ಸಾವಿರದ ಎಂಟುನೂರ ಎಂಬತ್ತನಾಲ್ಕು.

ಹಾಸನದ ಪೆನ್ಷನ್ ಮೊಹಲ್ಲಾ. ಕರೆಂಟು ಹೋದ ಮಧ್ಯಾಹ್ನ.
ಬಾಗಿಲ ಬೆಳಕಿಗೆ ಹಿಡಿದು ಓದಿದೆ.

ಸಭೆ ಕಟ್ಟಿದವರು ಹನ್ನೊಂದು ಜನ.
ಮಿಸೆಸ್ ಹೈರಮ್ ಇಂಥವರು, ಮಿಸೆಸ್ ಎಜ್ರಾ ಅಂಥವರು,
ಹತ್ತೂ ಹೆಸರು ಗಂಡಂದಿರವೇ.
ಹನ್ನೊಂದನೆಯವಳಿಗೆ ಮಾತ್ರ ತನ್ನದೇ ಹೆಸರು:
ಮಿಸ್ ಲೊವೀನಾ ಟ್ರಾಸ್ಕ್, ಖಜಾಂಚಿ.
ಕಾರಣ ಕೆಳಗೆ ಸಣ್ಣಕ್ಷರದಲ್ಲಿ:
ಮದುವೆಯಾದವಳ ಕೈಯ ಕಾಸು
ಆಗ ಕಾನೂನಿನ ಕಣ್ಣಿಗೆ ಗಂಡನ ಕಾಸು.
ಅದಕ್ಕೇ ಪೆಟ್ಟಿಗೆ ಹೋಯಿತು
ಯಾರೂ ಕೇಳದೆ ಉಳಿದವಳ ಮಡಿಲಿಗೆ.

ವಾರಕ್ಕೆರಡು ಸೆಂಟು. ಒಬ್ಬಳು ಚಹಕ್ಕೆ ಸಕ್ಕರೆ ಬಿಟ್ಟಳು.
ಒಬ್ಬಳು ಭಾನುವಾರದ ಮೊಟ್ಟೆಗಳನ್ನು ಬೇರೆ ಬುಟ್ಟಿಗೆ ಹಾಕಿದಳು
(ಕೋಳಿಗೆ ವಾರ ಗೊತ್ತಿತ್ತೇ, ಪಾಪ).
ಒಬ್ಬಳು ಹೊಸ ಲಂಗದ ಬಟ್ಟೆ ಮುಟ್ಟಿ ನೋಡಿ,
ಮಡಚಿ, ಅಂಗಡಿಯವನಿಗೇ ಕೊಟ್ಟು ಬಂದಳು.

ಒಂಬತ್ತನೇ ಪುಟ, ಖರ್ಚು:
ಹಾಸನ. ಬೈಬಲ್ ಹೆಂಗಸು, ಒಬ್ಬಳು.
ವರ್ಷಕ್ಕೆ ಇಪ್ಪತ್ತು ಡಾಲರ್.

ಆ 'ಒಬ್ಬಳು' ನನ್ನಜ್ಜಿಯ ಅಜ್ಜಿ, ಸಮಾಧಾನಮ್ಮ.
ಹತ್ತೊಂಬತ್ತಕ್ಕೆ ಗಂಡ ತೀರಿಕೊಂಡ. ಕೈಗೂಸು.
ಕೊಡೆ ಹಿಡಿದು ದುದ್ದದ ದಾರಿಯಲ್ಲಿ ನಡೆದು
ಜಗಲಿ ಜಗಲಿಯಲ್ಲಿ ಕೂತು ಓದಿ ಹೇಳುತ್ತಿದ್ದಳು.
ಮೂರು ತಿಂಗಳಿಗೊಂದು ಕಾಗದ ಅಲ್ಲಿಗೆ ಹೋಗಬೇಕು;
ಇವಳು ಹೇಳಬೇಕು, ದೊರೆಸಾನಿ ಬರೆಯಬೇಕು.
ಇವಳು ಹೇಳಿದ್ದು, ನಮ್ಮನೆ ಮಾತಿನಲ್ಲಿ ಉಳಿದಂತೆ:
'ಅಲ್ಲಿ ರಾಗಿ ಬೆಳೀತಾರಾ ಅಂತ ಕೇಳಿ ಅಮ್ಮಾ.
ಬೀಸೋರು ಯಾರು? ಬೀಸೋವಾಗ ಏನು ಹಾಡ್ತಾರೆ?
ನನ್ನ ಹಂಗೆ ಎಳೇ ವಯಸ್ಸಿಗೆ ಗಂಡ ಸತ್ತೋರು
ಅವರಲ್ಲೂ ಅವರಾ? ಅವರಿಗೆ ಹಿಟ್ಟು ಯಾರು ಹಾಕ್ತಾರೆ?'
ವರದಿಯಲ್ಲಿ ಅಚ್ಚಾದದ್ದು, ನಾನು ಈಗ ಓದಿದಂತೆ:
'ನಿಮ್ಮ ಉಪಕಾರ ನೆನೆದು ಕಣ್ಣೀರಿಡುತ್ತಾಳೆ.'

ಕಣ್ಣೀರಿಟ್ಟಿದ್ದಳೋ ಏನೋ. ನನಗೇನು ಗೊತ್ತು.
ಗೊತ್ತಿರುವುದು ಇಷ್ಟು: ಪೆಟ್ಟಿಗೆಯ ಕತೆ
ದೊರೆಸಾನಿಯ ಬಾಯಿಂದ ಕೇಳಿದ ವಾರವೇ
ಕೇರಿಯ ಎಂಟು ಮನೆಗೆ ಎಂಟು ಕುಡಿಕೆ ಕೊಟ್ಟಳು.
ಬೀಸುಕಲ್ಲಿಗೆ ಸುರಿಯುವ ಮುಂಚೆ
ಒಂದು ಹಿಡಿ ರಾಗಿ ಕುಡಿಕೆಗೆ.

ಹಿರಿಯರು ಸೇರಿದರು. ದುಡ್ಡು ಯಾರ ವಶದಲ್ಲಿ?
'ಗಂಡ ಇರೋಳ ಕೈಗೆ ಕೊಟ್ರೆ
ಹೆಂಡದಂಗಡಿ ದೂರ ಇಲ್ಲ ಸ್ವಾಮೀ,' ಅಂದಳಂತೆ.
ಅಯ್ಯನವರು ಕೆಮ್ಮಿದರಂತೆ. ಯಾರೂ ಮಾತಾಡಲಿಲ್ಲ.
ತಾಳಿ ತೆಗೆದ ಕೊರಳಿಗೆ
ಕರಿದಾರದಲ್ಲಿ ಬೀಗದ ಕೈ ಕಟ್ಟಿಕೊಂಡಳು.
ಆ ದುಡ್ಡಲ್ಲಿ ಗಂಟೆ ತರಿಸಲಿಲ್ಲ, ಮೇಜಿಗೆ ಹೊದಿಕೆ ತರಿಸಲಿಲ್ಲ.
ಅಪರಾತ್ರಿ ನೋವು ಹತ್ತಿದವರನ್ನು ಆಸ್ಪತ್ರೆಗೆ ತರಲು
ಗಾಡಿ ಬಾಡಿಗೆ, ಎತ್ತಿಗೆ ಹುರುಳಿ.

ಹಳೇ ರಸೀದಿ ಪುಸ್ತಕದ ಒಂದು ಹಾಳೆ
ಇನ್ನೂ ಅರ್ಥವಾಗದೆ ಉಳಿದಿದೆ:
'ಅಮೆರಿಕದಲ್ಲಿ ಹೊಳೆ ಬಂದು ಮನೆ ಹೋದವರಿಗೆ,
ರಾಗಿ ಮಾರಿದ್ದು, ಎರಡು ರೂಪಾಯಿ ಎಂಟಾಣೆ.'
ಕೆಳಗೆ ಎಂಟು ಹೆಬ್ಬೆಟ್ಟು, ಒಂದು ಸೊಟ್ಟ ರುಜು.
ಕೊಟ್ಟರೇ? ದೊರೆಸಾನಿ ಕಳಿಸಿದಳೇ, ನಕ್ಕು ಸುಮ್ಮನಾದಳೇ?
ನನ್ನ ಕೈಲಿರುವ ವರದಿ ಆ ವರ್ಷದ್ದಲ್ಲ.

ಮೊನ್ನೆ ಬಿ.ಎಂ. ರಸ್ತೆಯ ಬ್ಯಾಂಕಿನಲ್ಲಿ
ಸಂಘದ ಖಾತೆಗೆ ನನ್ನ ರುಜು ಸೇರಿಸಲು ಹೋಗಿದ್ದೆ.
ಫಾರಮ್ಮಿನ ನಾಲ್ಕನೇ ಸಾಲು: ತಂದೆಯ ಅಥವಾ ಗಂಡನ ಹೆಸರು.
ಹುಡುಗ ಒಳ್ಳೆಯವನು. 'ಬರೀರಿ ಮೇಡಂ, ಸುಮ್ನೆ ಫಾರ್ಮಾಲಿಟಿ.'
ಬರೆದೆ. ನನ್ನವರು ಹೊರಗೆ ಸ್ಕೂಟರಿನ ಮೇಲೆ ಕಾಯುತ್ತಿದ್ದರು,
ಕುಡಿಯುವವರಲ್ಲ, ಮಾತಿಗಾದರೂ ಕಾಸು ಕೇಳಿದವರಲ್ಲ.

ಆದರೂ ರಾತ್ರಿ ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು
ತಿರುಗಿಸಿ ತಿರುಗಿಸಿ, ಕೊನೆಗೆ 'ಟಕ್' ಎಂದಾಗ
ಕೀ ಎಲ್ಲಿಡಲಿ ಎಂದು ಅತ್ತಿತ್ತ ನೋಡಿದೆ.
ಮೊಳೆಯಿತ್ತು, ಡಬ್ಬಿಯಿತ್ತು, ದಿಂಬಿತ್ತು.
ಕೊರಳ ಸರಕ್ಕೆ ಸಿಕ್ಕಿಸಿಕೊಂಡು ಮಲಗಿದೆ.
ತಣ್ಣಗಿತ್ತು, ಸ್ವಲ್ಪ ಹೊತ್ತು.